ಐದನೇ ತೂತು

ಖಡಕಿ ಸ್ಟೇಷನ್ನಿನ ಮೆಟ್ಲ ಕೆಳಗ
ಲೋನಾವಳಾ ಲೋಕಲ್ ಹೋದಾಗೊಮ್ಮೆ
ನನ್ನ ಮೊಳೆ ಡಬ್ಬಿ ತಾನ ನಡಗತೈತಿ.
ಮೂವತ್ತೊಂದು ವರ್ಷ ಆತು ಇಲ್ಲಿ ಕುಂತು.
ಜಮಖಂಡಿ ಬಿಟ್ಟಾಗ ತಂದದ್ದು ಒಂದು ರಂಪಿ, ಒಂದು ಆರಿ.
ಎರಡೂ ಸವದು ಸಣ್ಣಾಗ್ಯಾವು, ನನ್ನಂಗ.

ಹಾಕಿ ಅಂದ್ರ ನನಗ ತಿಳಿಯೂದು ಇಷ್ಟ:
ಚೆಂಡು ಎಲ್ಲಿ ಬಡೀತು ಅನ್ನೂದು ಪ್ಯಾಡ್ ಹೇಳತೈತಿ.
ಆಟ ನೋಡಿಲ್ಲ.
ಆಟದ ಮರುದಿನ ನೋಡೀನಿ.

ಸೆಲ್ವಿನ್ ಬಂದ,
ಬೆನ್ನ ಮ್ಯಾಲೆ ಗೋಣಿಚೀಲದಷ್ಟು ಕಿಟ್ಟು.
ಅವರಪ್ಪ ಅಮ್ಯುನಿಷನ್ ಫ್ಯಾಕ್ಟರಿಯೊಳಗ ಪ್ಯಾಕಿಂಗ್,
ಅಜ್ಜನ ಕಾಲಕ್ಕ ವೆಲ್ಲೂರಿಂದ ಬಂದ ಮಂದಿ.
ಮನ್ಯಾಗ ತಮಿಳು, ನನ್ನ ಜೋಡಿ ಮರಾಠಿ,
ಗೋಲಿನೊಳಗ ನಿಂತರ ಹಿಂದಿ ಒದರತಾನ.
ಇಪ್ಪತ್ತು ವರ್ಷದ ಹುಡುಗ, ಆರಡಿ,
ಮೀಸೆ ಇನ್ನೂ ವಿಚಾರ ಮಾಡಾಕತ್ತೈತಿ.

"ಮಾಮಾ, ಲೀಗಿನ ಕ್ಯಾಂಪಿಗೆ ಕರದಾರ,
ಪಿಂಪ್ರಿ ಟರ್ಫಿನ ಮ್ಯಾಲೆ ಹತ್ತು ದಿನ.
ಗೋಲಿಗಳು ಮೂವರು, ಜಾಗಾ ಎರಡು.
ಒಂದು ಆ ಬೆಲ್ಜಿಯಮ್ಮಿನಾಂವಂದು,
ಅವನ ರೊಕ್ಕಾ ಮೊದಲ ಕೊಟ್ಟುಬಿಟ್ಟಾರ.
ಇನ್ನೊಂದು ರೇಲ್ವೇ ಗುರ್ಬಾಜಂದು.
ಮೂರನೇದಾಂವ ನಾನು.
ನೂರಕ್ಕ ಎಷ್ಟು ಅಂತಿ?"

ಅವನ ಕಿಟ್ಟು ತಿರುವಿ ತಿರುವಿ ನೋಡಿದೆ.
ಪಾದದ ಅಡಿಪಟ್ಟಿ ಎರಡೂ ಹರಿದು ನೂಲು.
ಬಲಗಾಲಿನ ಹೊರ ಅಂಚು ತಿಕ್ಕಿ ತಿಕ್ಕಿ ಬಿಳುಪು,
ಎಡದ್ದು ಅಂಗಡ್ಯಾಗಿಂದ ಈಗ ತಂದಂಗ.
"ಎಡಕ್ಕ ಬೀಳಾಕ ಅಂಜತಿ," ಅಂದೆ.
ಮಾತಾಡಲಿಲ್ಲ. ಹೋಗಿ
ಎರಡು ಚಾ ತಂದ.

ಬುಧವಾರ ತಂಡದ ಮ್ಯಾನೇಜರು ರಿಕ್ಷಾದಿಂದ
ಒಂದು ಚೀಲ ಇಳಿಸಿದ. "ಶುಕ್ರವಾರಕ್ಕ ಬೇಕು."
ಒಳಗ ಗುರ್ಬಾಜನ ಪ್ಯಾಡು.
ಒಳಮೈಗೆ ಒಂದು ಕೂಸಿನ ಫೋಟೋ ಅಂಟಿಸ್ಯಾನ,
ಬೆವರಿಗೆ ಮುಖ ಅಳಿಸಿ ಟೊಪಿಗಿ ಅಷ್ಟ ಉಳದೈತಿ.
ಬಲಗಾಲಿನ ಬೆಲ್ಟು
ಎರಡನೇ ತೂತಿನಿಂದ ಮೂರಕ್ಕ ಬಂದೈತಿ,
ಮೂರರಿಂದ ನಾಲ್ಕಕ್ಕ.
ಬಕಲಿನ ಗುರುತು ಹೊಸಾವು, ಇದ ತಿಂಗಳದ್ದು.
ನಾಲ್ಕನೇದು ಜಗ್ಗಿ ಜಗ್ಗಿ
ನಿದ್ದಿಗಣ್ಣಿನಂಗ ಉದ್ದಾಗೈತಿ.

ಮೊಣಕಾಲು ಬಾತೈತಿ.
ಡಾಕ್ಟರಿಗೆ ಹೇಳಿರಾಕಿಲ್ಲ, ಕೋಚಿಗೆ ಅಂತೂ ಇಲ್ಲ.
ಬೆಲ್ಟಿಗೆ ಮುಚ್ಚಿಡಾಕ ಬರೂದಿಲ್ಲ.

ಆ ರಾತ್ರಿ ಫ್ಯಾಕ್ಟರಿ ಭೋಂಗಾ ಆದ ಮ್ಯಾಲೂ
ಅಂಗಡಿ ಮುಚ್ಚಲಿಲ್ಲ.
ಇಬ್ಬರ ಪ್ಯಾಡೂ ಆಜೂಬಾಜೂ ಮಲಗಿದ್ದವು,
ಒಬ್ಬಾಕಿ ಹಡದ ಹುಡುಗರಂಗ.
ಒಂದು ಮಾತು ಸಾಕಿತ್ತು, ಮ್ಯಾನೇಜರನ ಕಿವಿಯಾಗ.
ಮಾತೂ ಬ್ಯಾಡ, ಸುಮ್ನ ಕೈಬಿಟ್ಟಿದ್ದರ
ಬೆಲ್ಟು ತಾನ ಹರೀತಿತ್ತು,
ನೂರಕ್ಕ ಹತ್ತಿದ್ದದ್ದು ನಲವತ್ತಾಗತಿತ್ತು.
ನಲವತ್ತು ಅಂದ್ರ ಕಡಿಮಿ ಅಲ್ಲ.
ನಾ ರೈಲು ಹತ್ತಿದಾಗ ಅಷ್ಟೂ ಇರಲಿಲ್ಲ.

ಆರಿ ತಗೊಂಡೆ.
ನಾಲ್ಕನೇದರ ಆಚೆ ಒಂದು ಬಟ್ಟು ಬಿಟ್ಟು
ಐದನೇ ತೂತು ಹೊಡದೆ.
ಒಳಗ ಮೆತ್ತನ್ನ ಕುರಿದೊಗಲು ಇಟ್ಟು ಹೊಲದೆ.
ಯಾಕ ಅಂತ ಕೇಳಬ್ಯಾಡ್ರಿ.
ಬಾತ ಕಾಲಿಗೆ ಬಿಗಿ ಬೆಲ್ಟು ಕೊಟ್ಟು ಕಳಿಸೂದು
ನಮ್ಮ ಕಸಬಿನಾಗಿಲ್ಲ.

ಸೆಲ್ವಿನಂದಕ್ಕ ಅಡಿಪಟ್ಟಿ ಹೊಸಾವು ಹಾಕಿದೆ.
ಎಡಗಾಲಿನ ಅಂಚಿಗೆ ಟೈರಿನ ತುಂಡು, ಡಬಲ್ ಹೊಲಿಗಿ.
"ಇನ್ನ ಎಡಕ್ಕ ಬೀಳು," ಅಂದೆ,
"ಹರದರ ಹರೀಲಿ. ನಾ ಇಲ್ಲೇ ಅದೀನಿ."

"ಗುರ್ಬಾಜಂದು ಏನಾಗಿತ್ತು ಮಾಮಾ?"

"ಬಕಲ್ಲು," ಅಂದೆ.

"ರೊಕ್ಕಾ ಮೊದಲ ಮ್ಯಾಚಿಗೆ ಕೊಡತೇನಿ," ಅಂದ.
ವಹಿಯೊಳಗ ಬರಕೊಂಡೆ: ಸೆಲ್ವಿನ್, ಎರಡನೂರಾ ಐವತ್ತು.
ತಾರೀಖಿನ ಜಾಗಾ ಖಾಲಿ ಬಿಟ್ಟೆ.

ಹೆಸರಿನ ಯಾದಿ ಐತವಾರ ಹಚ್ಚತಾರಂತ.
ಇವತ್ತು ಶನಿವಾರ.
ಕೈಯಾಗ ಯಾರದೋ ಚಪ್ಪಲಿ, ಅಂಗುಟ ಕಿತ್ತದ್ದು,
ನಿಂತಾಕಿ ಒಂದ ಕಾಲಿನ ಮ್ಯಾಲೆ ನಿಂತಾಳ,
"ಲೌಕರ, ಕಾಕಾ" ಅಂತಾಳ.
ಲೋಕಲ್ ಬಂತು.
ಎಡಗೈಲೆ ಮೊಳೆ ಡಬ್ಬಿ ಹಿಡಕೊಂಡೆ.