ಹತ್ತೊಂಬತ್ತು ಡಿಗ್ರಿ

ಸೋಮವಾರಪೇಟೆಯ ಉಪಖಜಾನೆಯಲ್ಲಿ
ಗೋಡೆಗೆ ತೂಗುಬಿಟ್ಟ ತಾಪಮಾಪಕ
ಬೆಳಗಿನಿಂದ ಹತ್ತೊಂಬತ್ತು ಎನ್ನುತ್ತಿದೆ.
ಹತ್ತೊಂಬತ್ತು ಇಲ್ಲಿ ಯಾರಿಗೂ ಇಲ್ಲ.

ನನ್ನ ಬಲಗಾಲ ಮೀನಖಂಡಕ್ಕೆ ಮೂವತ್ತೆಂಟು:
ಮೇಜಿನಡಿ ಹೀಟರ್, ಎರಡು ಕಂಬಿಯಲ್ಲಿ ಒಂದು ಸತ್ತದ್ದು.
ಎಡಗಿವಿ ಇನ್ನೂ ಬಾಗಿಲ ಸಂದಿಯ ವಶ.
ಪ್ಯಾಂಟಿನ ಅಂಚು ಸುಟ್ಟ ವಾಸನೆ ಬರುವಾಗಲೂ
ಬೆರಳು ಪೆನ್ನು ಹಿಡಿಯಲೊಲ್ಲದು.
ರಾಯಚೂರಿನವ ನಾನು. ನಮ್ಮಲ್ಲಿ ಬಿಸಿಲು
ಎಲ್ಲರ ನೆತ್ತಿಗೂ ಒಂದೇ ಅಳತೆ.
ಇಲ್ಲಿ ಬಿಸಿ ಅಂದರೆ ಜಾಗ,
ಗೇಣಿನ ಲೆಕ್ಕದಲ್ಲಿ.

ಮಂದಣ್ಣ ಕಡತದ ಕಪಾಟುಗಳನ್ನು ಗೋಡೆಗೆ ಒತ್ತಿಟ್ಟಿದ್ದಾರೆ,
"ಕಲ್ಲು ಮೈಶಾಖ ಕುಡೀತದೆ" ಅಂತ.
ಹೌದು, ಕುಡಿಯುತ್ತದೆ.
ಮುಟ್ಟದೆಯೂ, ಮಾರು ದೂರದಿಂದ.
ತೀರಿಹೋದವರ ಪಿಂಚಣಿ ಕಡತಗಳೀಗ ನಮ್ಮ ಕಂಬಳಿ.

ದೇಚಮ್ಮ ಮೇಡಂ ಕಿಟಕಿಯ ಪಕ್ಕ.
ಒಂದು ಗಾಜು ಹೋದಲ್ಲಿ ರಟ್ಟು.
ಆಷಾಢ ಎನ್ನುತ್ತೇನೆ ನಾನು, ಕಕ್ಕಡ ಎನ್ನುತ್ತಾರೆ ಅವರು,
ಗಾಳಿಗೆ ರಟ್ಟು ಉಸಿರಾಡುತ್ತದೆ.
ಮೂರು ವಾರ ನನಗೆ ನಾಚಿಕೆ:
ಹಿರಿಯರು ಚಳಿಯಲ್ಲಿ,
ಕಾಲಡಿ ಬೆಂಕಿ ಇಟ್ಟುಕೊಂಡು ನಾನು.
ಗುರುವಾರ ಎದ್ದೆ. ದಾನಶೂರನ ಗತ್ತಿನಲ್ಲಿ
ಹೀಟರ್ ಎತ್ತಿ, ವೈರು ಎಳೆದು,
ಅವರ ಪಾದದ ಬಳಿ ಇಟ್ಟೆ.

ಅವರು ಚಲನ್ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.
ಕತ್ತು ಕೆಂಪು. ಮೇಲ್ದುಟಿಯ ಮೇಲೆ ಬೆವರು.
"ತೆಗೀರಿ ಮಾರಾಯ್ರೆ ಅದನ್ನ.
ನನಗೆ ಐವತ್ತೊಂದು. ಒಳಗೊಂದು ಒಲೆ,
ಕೇಳದೆ ಹತ್ತುತ್ತದೆ, ಹೇಳದೆ ಆರುತ್ತದೆ.
ಆ ರಟ್ಟಿನ ಮೊಳೆ ಸಡಿಲ ಮಾಡಿದ್ದೇ ನಾನು."

ಮಂದಣ್ಣ ಸ್ಟಾಂಪ್ ಪ್ಯಾಡನ್ನು ಬಹಳ ಹೊತ್ತು ನೋಡಿದರು.

ಆಮೇಲಿನ ಏರ್ಪಾಡು ಯಾವ ಕಡತದಲ್ಲೂ ಇಲ್ಲ.
ಅವರು ಕತ್ತು ಒರೆಸಿಕೊಂಡರೆ ನಾನು ರಟ್ಟು ಸರಿಸುತ್ತೇನೆ;
ಬೆವರು ಆರಿ ಮೈ ಜುಮ್ಮೆಂದಾಗ
ಕಾಲಿನಿಂದ ಹೀಟರ್ ತಳ್ಳುತ್ತೇನೆ, ಒಂದು ಮೊಳ.
ಸ್ವಲ್ಪ ಹೊತ್ತಿಗೆ ಅವರೂ
ಕಾಲಿನಿಂದಲೇ, ಹಿಂದಕ್ಕೆ.
ಇಬ್ಬರೂ ತಲೆ ಎತ್ತುವುದಿಲ್ಲ.

ಮಡಿಕೇರಿಯಿಂದ ತಪಾಸಣೆಗೆ ಬಂದವರು
ಕೋಟು ಕಳಚದೆ ತಾಪಮಾಪಕ ಓದಿದರು:
"ಹತ್ತೊಂಬತ್ತು. ಹಿತವಾಗಿಯೇ ಇದೆಯಲ್ಲ."
ಎರಡನೇ ಹೀಟರಿನ ಬೇಡಿಕೆ ಪತ್ರ ವಾಪಸ್.

ಕೆಂಪು ಗಾರೆಯ ನೆಲದ ಮೇಲೆ
ನನ್ನ ಮೇಜಿನಿಂದ ಅವರ ಮೇಜಿನವರೆಗೆ
ಬಿದ್ದ ಗೀರನ್ನು
ಅವರು ದಾಟಿಕೊಂಡು ಹೋದರು.