ನಲವತ್ತೊಂದು ಮೊಳೆ

ಗಾಜಿನ ಕಿಂಡಿಯ ಹಿಂದೆ ಕೂತವಳು ನಾನು, ದುಲ್ಮಾ.
ನನ್ನ ಬೆನ್ನಿಗೆ ಹಲಗೆ, ಹಲಗೆಗೆ ನಲವತ್ತೊಂದು ಮೊಳೆ,
ಮೊಳೆಗೊಂದು ಬೀಗದ ಕೈ.
ಉಲಾನ್‌ಬಾತರಿನ ಈ ಕಲಾಶಾಲೆಯಲ್ಲಿ
ಯಾರ ಕೈಗೆ ಯಾವ ಕೈ ಒಗ್ಗುತ್ತದೆಂದು
ನಿರ್ದೇಶಕರಿಗಿಂತ ನನಗೆ ಚೆನ್ನಾಗಿ ಗೊತ್ತು.

ಮೂರನೇ ಕೋಣೆಯ ಪಿಯಾನೊಗೆ ಒಂದು ಹಲ್ಲು ಸತ್ತಿದೆ.
ಮಕ್ಕಳು ಅದರ ಹತ್ತಿರ ಬಂದಾಗ
ಆ ಒಂದು ಸ್ವರ ಬಾಯಲ್ಲೇ ಹಾಡಿ ದಾಟುತ್ತಾರೆ,
ಕೆಸರಗುಂಡಿ ದಾಟಿದ ಹಾಗೆ.
ಏಳರಲ್ಲಿ ಕುದುರೆತಲೆಯ ಪಿಟೀಲುಗಳು.
ಹೊರಗೆ ಮೈನಸ್ ಮೂವತ್ತು; ಒಳಗೆ ಕೊಳವೆ ಕಾದು, ಗಾಳಿ ಒಣಗಿ
ಮರ ಸೀಳೀತೆಂದು ಮೂಲೆಮೂಲೆಗೆ ಬೋಗುಣಿಯಲ್ಲಿ ನೀರಿಡುತ್ತೇನೆ.
ಸಂಜೆ ನೋಡಿದರೆ ತಳ ಕಾಣುತ್ತದೆ.
ಕುದುರೆಗಳು ಕುಡಿದವು ಎನ್ನುತ್ತಾನೆ ಬಿಲ್ಗೂನ್, ದಿನಾ ಅದೇ ಮಾತು.
ದಿನಾ ನಗುತ್ತೇನೆ.

ನೆಲಮಾಳಿಗೆಯಲ್ಲಿ ಮೈ ಬಾಗಿಸುವ ಹುಡುಗಿಯರು.
ಅಲ್ಲಿ ಚಾವಣಿ ಗಿಡ್ಡ; ಒಬ್ಬಳ ಮೇಲೊಬ್ಬಳು ನಿಂತರೆ
ಮೂರನೆಯವಳ ಹಿಮ್ಮಡಿಗೆ ದೀಪ ತಾಗುತ್ತದೆ.
ಅದಕ್ಕೇ ನಮ್ಮ ಶಾಲೆಯ ಗೋಪುರಗಳೆಲ್ಲ
ಎರಡೂವರೆ ಆಳಿನವು.

ದೊಡ್ಡ ರಂಗಮಂದಿರ? ಇದೆ. ಮುನ್ನೂರಿಪ್ಪತ್ತು ಕುರ್ಚಿ,
ಕೆಂಪು ಮಖಮಲ್ಲಿನ ಪರದೆ. ಮಂತ್ರಿ ಬಂದ ದಿನ ಬೆಚ್ಚಗಿರುತ್ತದೆ.
ಉಳಿದ ದಿನ ಅದರ ಬೀಗದ ಕೈ
ಮೊಳೆಯ ಮೇಲೆ ದೊರೆಯ ಹಾಗೆ ತಣ್ಣಗೆ ಕೂತಿರುತ್ತದೆ.
ಮಕ್ಕಳಿಗೆ ರಂಗಕ್ಕಿಂತ ಬಚ್ಚಲೇ ಹೆಚ್ಚು ಪರಿಚಯ:
ಎರಡನೇ ಮಹಡಿಯದರಲ್ಲಿ ದನಿ ಚೆನ್ನಾಗಿ ಮೊಳಗುತ್ತದೆಂದು
ಬೆಳಗಿನ ಐದಕ್ಕೇ ಸಾಲು.

ಹೋದ ಶರತ್ಕಾಲ ಹೊಸ ಕೋಣೆ ಬಂತು.
ಹೊರದೇಶದ ದುಡ್ಡು. ಗೋಡೆಗೆಲ್ಲ ಬೂದು ಸ್ಪಂಜು,
ಬಾಗಿಲು ಹಾಕಿದರೆ ನಿಮ್ಮ ರಕ್ತ ಹರಿಯುವುದು ನಿಮಗೇ ಕೇಳಿಸುತ್ತದೆ.
ನಲವತ್ತೊಂದನೇ ಮೊಳೆ ಹೊಡೆದದ್ದು ಅದಕ್ಕಾಗಿ.
ಅದರ ಕೈ ಮೊದಲು ಕೊಟ್ಟದ್ದು ನೋಮೂನ್‌ಗೆ,
ಗೋಬಿಯ ಅಂಚಿನವಳು, ಉದ್ದ ಹಾಡಿನ ಹುಡುಗಿ,
ಒಂದು ಪದದ ಒಂದು ಸ್ವರ ಹಿಡಿದರೆ
ನನ್ನ ಚಹಾ ಆರುವ ತನಕ ಬಿಡುವವಳಲ್ಲ.

ಹತ್ತೇ ನಿಮಿಷ. ವಾಪಸು ಬಂದು
ಕೈಯನ್ನು ಕಿಂಡಿಯೊಳಗೆ ತಳ್ಳಿದಳು.
"ಅಕ್ಕಾ, ಅಲ್ಲಿ ದನಿ ತಿರುಗಿ ಬರುವುದಿಲ್ಲ."
ನಿಮ್ಮ ಬಯಲಲ್ಲೂ ಬರುವುದಿಲ್ಲವಲ್ಲೇ, ಅಂದೆ.
ಸ್ವಲ್ಪ ಹೊತ್ತು ನೆಲ ನೋಡಿದಳು.
"ಬಯಲಲ್ಲಿ ಹೋಗುತ್ತದೆ. ಇಲ್ಲಿ ಸಾಯುತ್ತದೆ."

ಪರೀಕ್ಷೆಯ ಹಿಂದಿನ ರಾತ್ರಿ ಅವಳ ಗಂಟಲು ಕಟ್ಟಿತು,
ಜ್ವರವಲ್ಲ, ಶೀತವಲ್ಲ. ಬಚ್ಚಲಲ್ಲೂ ಹಾಡಿ ನೋಡಿ
ಮೆಟ್ಟಿಲ ಮೇಲೆ ಕೂತಿದ್ದಳು, ಮೊಣಕಾಲಿಗೆ ಗಲ್ಲ ಊರಿ.
ಮೊಳೆಗೆ ಹಾಕದ ಕೈಯೊಂದು ನನ್ನ ಜೇಬಲ್ಲಿದೆ:
ರಂಗದ ಹಿಂದಿನ ದೊಡ್ಡ ಕದದ್ದು,
ಡೇರೆ, ಮರದ ಕುದುರೆ, ಬಣ್ಣದ ಬೆಟ್ಟಗಳನ್ನೆಲ್ಲ
ಲಾರಿಯಿಂದ ಇಳಿಸಿಕೊಳ್ಳುವ, ಎರಡಾಳೆತ್ತರದ ಕದ.
ಬಾ ಅಂದೆ. ಇಬ್ಬರೂ ಹೆಗಲು ಕೊಟ್ಟೆವು.
ಹಿಮ ಕಚ್ಚಿದ ಕೀಲು ನರಳಿತು, ಒಮ್ಮೆಲೇ
ಊರೆಲ್ಲ ಒಳಗೆ ಬಂತು: ಕಲ್ಲಿದ್ದಲ ಹೊಗೆ, ನಾಯಿಗಳು,
ಹೆಪ್ಪುಗಟ್ಟಿದ ತೂಲ್ ನದಿ, ಅದರಾಚೆ ಬೆಟ್ಟದ ಕಪ್ಪು ಬೆನ್ನು.

ಖಾಲಿ ಕುರ್ಚಿಗಳಿಗೆ ಬೆನ್ನು ಹಾಕಿ ನಿಂತಳು.
ಹೇಗೆ ಹಾಡಿದಳೆಂದು ಹೇಳಲು ನಾನು ಮೇಷ್ಟರಲ್ಲ.
ಉಸಿರು ಬೆಳ್ಳಗೆ ಹೊರಟು ಒಂದು ಮಾರು ಕಂಡಿತು,
ಆಮೇಲೆ ಕೇಳಿಸುವುದಷ್ಟೇ ಉಳಿಯಿತು.
ನಾಯಿಗಳು ಸುಮ್ಮನಾಗಲಿಲ್ಲ. ಟ್ಯಾಕ್ಸಿಯೊಂದು ನಿಂತು, ಹೋಯಿತು.

ಮರುದಿನ ಅವಳಿಗೆ ಸಿಕ್ಕ ಅಂಕ ನಾನು ಕೇಳಲಿಲ್ಲ.
ನನಗೆ ಸಿಕ್ಕದ್ದು ಕಚೇರಿಯ ಚೀಟಿ:
ರಾತ್ರಿ ಹನ್ನೊಂದು ನಿಮಿಷ ಕದ ತೆರೆದು
ಶಾಖ ಪೋಲು ಮಾಡಲಾಗಿದೆ (ಯಾವ ಶಾಖವೋ),
ಕಾರಣ ಬರೆದು ಕೊಡತಕ್ಕದ್ದು.
ಪೆನ್ನಿನ ಶಾಯಿ ಗಟ್ಟಿಯಾಗಿತ್ತು. ಅಂಗೈಯಲ್ಲಿ ಉಜ್ಜಿ ಬರೆದೆ:
ದೊಡ್ಡದೊಂದು ಸಾಮಾನು
ಹೊರಗೆ ಸಾಗಿಸಬೇಕಿತ್ತು.