ಮರದ ಮೊಳೆ

ಒಯ್ಯಿ ಮಗಳೇ, ಮ್ಯೂಸಿಯಮ್ಮಿಗೆ ಒಯ್ಯಿ ಈ ಖಾನೆಗಳ ಪೆಟ್ಟಿಗೆ.
ಬ್ಲಾಂಟೈರ್ ತನಕ ದಾರಿ ಕೆಟ್ಟಿದೆ, ಮೊಳೆಗಳು ಕಲಸಿಹೋದಾವು.
ಹೋಗಲಿ. ಇನ್ನು ಯಾರು ಓದುತ್ತಾರೆ
ಬಲದಿಂದ ಎಡಕ್ಕೆ, ಕನ್ನಡಿಯ ಬರಹ.

ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂತು,
ಆಮೇಲೆ ಶೀರೆ ನದಿಯ ದೋಣಿಯಲ್ಲಿ,
ಆಮೇಲೆ ನನ್ನಪ್ಪನ ತಲೆಯ ಮೇಲೆ.
ಅವರ ನಾಲಿಗೆಗೆ ಅಳೆದು ಹೊಯ್ದ ಸೀಸ:
ಕ್ಯೂ ಬೇಕಾದಷ್ಟು, ಎಕ್ಸ್ ಬೇಕಾದಷ್ಟು,
ನಮ್ಮ ಬಾಯಿ ಕೇಳುವ ಕೆ ಹಿಡಿಯಷ್ಟೇ.
ತಲೆಬರಹದ ದೊಡ್ಡ ಕೆ ಇದ್ದದ್ದೇ ಒಂದು,
ದೋಣಿ ವಾಲಿದಾಗ ಅದೂ ನೀರು ಪಾಲು.

ಹದಿನಾರರ ಹುಡುಗ ನಾನು, ಲಮೆಕಿ ಚಿಂಗೋಟಾ
(ಮೊದಲರ್ಧ ಪಾದ್ರಿ ಕೊಟ್ಟದ್ದು).
ಕೊಯ್ದರೆ ಕೆಂಪು ಸೋರುವ ಮ್ಲೊಂಬ್ವಾ ಮರದ ಚೂರಿನಲ್ಲಿ
ಹೊಸ ಕೆ ಕೆತ್ತಿದೆ. ಕಾಲು ಕೊಂಚ ಸೊಟ್ಟ.
ರೆವರೆಂಡ್ ಗಿಲ್ಮೂರ್ ಕಿಟಕಿಯ ಬೆಳಕಿಗೆ ಹಿಡಿದು ನಕ್ಕರು:
"ಕುಂಟ. ಆದರೂ ನಡೆದೀತು."

ನಡೆಯಿತು.
ಸೋಮವಾರ ಖ್ರಿಸ್ತು ಎಂಬ ತಲೆಬರಹ ಹೊತ್ತು,
ಗುರುವಾರ ಕುಂಬುಕಾನಿ, ನೆನಪಿಡಿ,
ಗುಡಿಸಲೊಂದಕ್ಕೆ ಇಷ್ಟು ಶಿಲ್ಲಿಂಗು,
ಇಲ್ಲದವರು ತೋಟದಲ್ಲಿ ತಿಂಗಳು ದುಡಿಯತಕ್ಕದ್ದು.
ಎರಡೂ ನಿಂತದ್ದು ಒಂದೇ ಸೊಟ್ಟ ಕಾಲಿನ ಮೇಲೆ.
ಅಂಗೈಗೆ ಹೊಡೆಯುವುದೂ ಮೊಳೆ, ಮಾತು ಕೂರಿಸುವುದೂ ಮೊಳೆ.
"ಸ್ವರ್ಗದಲ್ಲೂ ಗುಡಿಸಲಿಗೆ ತೆರಿಗೆ ಉಂಟೇ?"
ಕೇಳಿದ್ದಳು ನಾಫಿರಿ, ಮದುವೆಯಾದ ಹೊಸತರಲ್ಲಿ.
ನನಗೆ ಉತ್ತರ ತಿಳಿಯದು.
ತಿಳಿದವರು ಮಲೇರಿಯಾದಲ್ಲಿ ಮಲಗಿದ್ದರು.

ಐವತ್ತೊಂಬತ್ತರ ಮಳೆ ಹಿಂದೆಗೆಯುವ ಹೊತ್ತು.
ಲಾಂದ್ರಕ್ಕೆ ಗೋಣಿ ಹೊದಿಸಿ,
ಯಂತ್ರದ ಕೀಲಿಗೆ ಕಡಲೆಕಾಯಿ ಎಣ್ಣೆ ಬಿಟ್ಟು,
ಕಾಗದದ ತುಂಬ ಒಂದೇ ಪದ ಒತ್ತಿದೆ: ಕ್ವಾಚಾ.
ಬೆಳಗಾಯಿತು.
ಹೊರಗೆ ಇನ್ನೂ ಎರಡು ಗಂಟೆಯ ಕತ್ತಲು.

ಮೂರನೆಯ ದಿನ ಚಡ್ಡಿ ತೊಟ್ಟ ಅಧಿಕಾರಿ,
ಕೈಯಲ್ಲಿ ಒದ್ದೆ ಹಾಳೆ, ಹಾಳೆಯ ಮೇಲೆ ನನ್ನ ಕುಂಟ.
"ಇದು ಈ ಪ್ರೆಸ್ಸಿನದೇ?"
ರೆವರೆಂಡ್ ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.
ಇನ್ನೊಂದು ಕೈ ಬೆನ್ನ ಹಿಂದೆ ಖಾನೆಯಲ್ಲಿ ತಡಕಿ
ಏನನ್ನೋ ಹೊಗೆಸೊಪ್ಪಿನ ಜೇಬಿಗೆ ಇಳಿಸಿತು.
"ದೊಡ್ಡ ಕೆ ನಮ್ಮಲ್ಲಿಲ್ಲ," ಎಂದರು,
"ನದಿಯಲ್ಲಿ ಬಿತ್ತು."
ಮೂವತ್ತು ವರ್ಷ ಸುಳ್ಳಾಡಬೇಡಿ ಎಂದು ಬೋಧಿಸಿದ ಬಾಯಿ.
ನೋಡಿದರೆ ಅದು ಸುಳ್ಳೂ ಅಲ್ಲ.
ಆ ಭಾನುವಾರ ರೊಟ್ಟಿ ಮುರಿದು ಎಲ್ಲರಿಗೂ ಕೊಟ್ಟರು,
ತಾವು ತಿನ್ನಲಿಲ್ಲ.
ಊರಿಗೆ ಹೊರಟ ದಿನ ಮೊಳೆಯನ್ನು ನನ್ನ ಕೈಗಿತ್ತರು,
ತಂಬಾಕಿನ ವಾಸನೆ ಸಮೇತ.

ಬಾವುಟ ಬದಲಾಯಿತು. ಯಂತ್ರ ಅದೇ.
ಪಕ್ಷದ ಕಾರ್ಡಿಲ್ಲದವರಿಗೆ ಬಸ್ಸಿಲ್ಲ, ಸಂತೆಯಿಲ್ಲ.
ಕಾರ್ಡು ಮುಟ್ಟೆವು ಎಂದರು ಯೆಹೋವನ ಸಾಕ್ಷಿಗಳು,
ಅವರಲ್ಲಿ ನಾಫಿರಿಯ ತಮ್ಮನೂ ಒಬ್ಬ.
ಹುಲ್ಲಿನ ಮಾಡು ಉರಿಯಿತು, ಮೇಕೆಗಳು ಯಾರದೋ ಪಾಲಾದವು.
ಮಗುವನ್ನು ಬೆನ್ನಿಗೆ ಕಟ್ಟಿ ಮೊಜಾಂಬಿಕ್ ಕಡೆಗೆ ನಡೆದರು.
ಮೂರು ಸಾವಿರ ಪ್ರತಿ ಆ ನೋಟೀಸು.
ಕಟ್ಟಿದ್ದು ಈ ಬೆರಳು. ತಲೆಬರಹದಲ್ಲಿ ಅದೇ ಕೆ.
ಅಂದು ಜೇಬಿಗೆ ಹಾಕಿಕೊಳ್ಳಲು ಮುದುಕ ಪಾದ್ರಿ ಇರಲಿಲ್ಲ,
ಎಂದು ಹೇಳಿಕೊಂಡೆ ಬಹಳ ವರ್ಷ.
ನನಗೂ ಜೇಬಿತ್ತು, ಮಗಳೇ.

ನಾಫಿರಿ ಜಗಳವಾಡಲಿಲ್ಲ.
ಆ ವರ್ಷವೆಲ್ಲ ನನ್ನ ತಟ್ಟೆಗೆ ಎನ್ಸಿಮಾ ಬಡಿಸಿ
ಆಚೆ ಕೋಣೆಯಲ್ಲಿ ಉಂಡಳು.

ಈಗ ಕ್ವಾಚಾ ಎಂದರೆ ನೋಟು.
ಬೆಳಗನ್ನು ಉಗುಳು ಹಚ್ಚಿ ಎಣಿಸುತ್ತಾರೆ,
ಎಷ್ಟು ಎಣಿಸಿದರೂ ಒಂದು ಸೋಪಿಗೆ ಸಾಲದು.

ರಸೀದಿ ತಂದಿದ್ದೀಯಾ? ಬರೆ.
ಖಾನೆ ಎಂಬತ್ತೆಂಟು. ಸೀಸ, ಸವೆದದ್ದು.
ಮರದ ದೊಡ್ಡ ಅಕ್ಷರ, ಇಪ್ಪತ್ತೈದು.
ಇಪ್ಪತ್ತಾರು ಇರಬೇಕಲ್ಲ ಎನ್ನಬೇಡ,
ಈ ಕೋಟಿನ ಕಡೆ ಹಾಗೆ ನೋಡಬೇಡ.
ನದಿಯಲ್ಲಿ ಬಿತ್ತು, ಬರೆದುಕೊ.